ನಾಯಿಮರಿ ಬರುವ ಮುನ್ನ



ಕಳೆದ ತಿಂಗಳು ಮೈಸೂರಿನಿಂದ ನನ್ನ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, ಮಗನ ಹಟಕ್ಕೆ ಸೋತು ಮುಧೋಳದ ನಾಯಿಮರಿಯೊಂದನ್ನು ತರಲು ಒಪ್ಪಿಕೊಂಡಿರುವುದಾಗಿ ತಿಳಿಸಿದಳು. ಮರಿ ಬರಲು ಇನ್ನೂ ಮೂರು ವಾರಗಳಿದ್ದವು. ಮೊಮ್ಮಗ ಆಗಲೇ ಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ಬರೆದು ನನಗೆ ಕಳುಹಿಸಿದ್ದ. ಕೊರಳಪಟ್ಟಿ, ಹಿಡಿಯುವ ಹಗ್ಗ, ಎರಡು ಬಟ್ಟಲು, ಬಿಸ್ಕತ್ತು, ಚೆಂಡು. ಹಾಸಿಗೆಯ ಮುಂದೆ ಮಾತ್ರ ‘ಕೊಳ್ಳುವುದು ಬೇಡ, ಹಿತ್ತಲಲ್ಲಿ ಮೊದಲಿನವರು ಬಿಟ್ಟುಹೋದ ನಾಯಿಪೆಟ್ಟಿಗೆ ಇದೆ’ ಎಂದು ಬರೆದಿದ್ದ. ಅವರು ಆ ಬಾಡಿಗೆಮನೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಪಟ್ಟಿಯ ಕೆಳಗೆ, ‘ತಾತ, ಏನಾದರೂ ಬಿಟ್ಟುಹೋಗಿದೆಯಾ?’ ಎಂಬ ಪ್ರಶ್ನೆ.

ಮೂವತ್ತು ವರ್ಷಗಳಿಗೂ ಮೀರಿ ಇತಿಹಾಸ ಪಾಠ ಮಾಡಿದವನಿಗೆ ಕೊರಳಪಟ್ಟಿಯೆಂದರೆ ಬರಿಯ ಕೊರಳಪಟ್ಟಿಯಾಗಿ ಕಾಣುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಚಾಳಿ ಗೊತ್ತೇ ಇದೆ. ಆದ್ದರಿಂದ ಮೊದಲು ಪಟ್ಟಿಯಲ್ಲಿದ್ದ ವಸ್ತುಗಳ ವಿಚಾರ. ಆ ಪೆಟ್ಟಿಗೆಯ ವಿಚಾರ ಆಮೇಲೆ.

1899ರಲ್ಲಿ ಈಜಿಪ್ಟಿನ ರಾಜರ ಕಣಿವೆಯಲ್ಲಿ ವಿಕ್ಟರ್ ಲೊರೆ ಎಂಬ ಫ್ರೆಂಚ್ ವಿದ್ವಾಂಸನು ಮೈಹೆರ್‌ಪ್ರಿ ಎಂಬ ಗಣ್ಯನ ಗೋರಿಯನ್ನು ತೆರೆದನು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನ ಆ ಗೋರಿಯಲ್ಲಿ ಬಾಣ, ಬತ್ತಳಿಕೆಗಳ ಜೊತೆಗೆ ತೊಗಲಿನ ಎರಡು ಕೊರಳಪಟ್ಟಿಗಳು ದೊರೆತವು. ಅವು ನಾಯಿಯ ಕೊರಳಿಗೆ ಮಾಡಿಸಿದವು. ಒಂದರ ಮೇಲೆ ಬೇಟೆಯ ಚಿತ್ರಗಳು, ಜೊತೆಗೆ ನಾಯಿಯ ಹೆಸರು; ಆ ಹೆಸರು ಹೆಣ್ಣುನಾಯಿಯದು. ಯಜಮಾನನು ಪರಲೋಕಕ್ಕೆ ಸಾಮಾನು ಕಟ್ಟಿಕೊಳ್ಳುವಾಗ ನಾಯಿಯ ಪಟ್ಟಿಯನ್ನೂ ಮರೆಯಲಿಲ್ಲ.

ರೋಮನರಲ್ಲಿ ಈ ವಿಷಯ ಇನ್ನೂ ವ್ಯವಹಾರದ್ದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವರೋ ಎಂಬ ಪಂಡಿತನು ಬೇಸಾಯದ ಮೇಲೆ ಬರೆದ ಗ್ರಂಥದಲ್ಲಿ ಕುರಿಕಾಯುವ ನಾಯಿಯನ್ನು ಕೊಳ್ಳುವುದು ಹೇಗೆ, ಸಾಕುವುದು ಹೇಗೆ ಎಂದು ವಿವರವಾಗಿ ಹೇಳುತ್ತಾನೆ. ಬೇಟೆಗಾರನಿಂದಾಗಲಿ ಕಟುಕನಿಂದಾಗಲಿ ನಾಯಿ ಕೊಳ್ಳಬೇಡ ಎಂಬುದು ಅವನ ಮೊದಲ ಎಚ್ಚರಿಕೆ. ತೋಳ ಬಾಯಿ ಹಾಕದಂತೆ ಮೊಳೆಗಳನ್ನು ಹೊಡೆದ ದಪ್ಪ ತೊಗಲಿನ ಪಟ್ಟಿಯನ್ನು ಕಟ್ಟಬೇಕು. ಆದರೆ ಮೊಳೆಯ ತಲೆಯ ಕಬ್ಬಿಣವು ನಾಯಿಯ ಕೊರಳನ್ನು ಒತ್ತದಂತೆ ಒಳಗಡೆ ಮೆತ್ತನೆಯ ತೊಗಲನ್ನು ಹೊಲಿಯಬೇಕು ಎನ್ನುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಈ ಒಳಪದರವು ನನಗೆ ಬಹಳ ಹಿಡಿಸಿತು. (ನಾಯಿ ನಿಮ್ಮನ್ನು ಹಿಂಬಾಲಿಸಬೇಕಾದರೆ ಬೇಯಿಸಿದ ಕಪ್ಪೆಯನ್ನು ಹಾಕಿರಿ ಎಂದು ಇನ್ನೊಬ್ಬರ ಮಾತನ್ನೂ ಅವನು ಎತ್ತಿ ಹೇಳುತ್ತಾನೆ. ಇದನ್ನು ಮೊಮ್ಮಗನಿಗೆ ತಿಳಿಸಿಲ್ಲ. ತಿಳಿಸಿದರೆ ಪ್ರಯೋಗ ಖಂಡಿತ.)

ಎಲ್ಲ ರೋಮನರೂ ವರೋನಂತೆ ಯೋಚಿಸುತ್ತಿರಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದು ಪಾಂಪೆ ಪಟ್ಟಣವು ಬೂದಿಯಲ್ಲಿ ಹೂತುಹೋದಾಗ, ಮನೆಯೊಂದರ ಬಾಗಿಲಲ್ಲಿ ಕಟ್ಟಿದ್ದ ಕಾವಲುನಾಯಿಯನ್ನು ಬಿಚ್ಚಲು ಯಾರೂ ಇರಲಿಲ್ಲ. 1874ರಲ್ಲಿ ಅದರ ಮೈಯ ಟೊಳ್ಳಿಗೆ ಗಾರೆ ಎರೆದು ತೆಗೆದ ಅಚ್ಚಿನಲ್ಲಿ ಬೆನ್ನು ಹುರಿಯಾಗಿ ತಿರುಚಿಕೊಂಡಿದೆ, ಕೊರಳಲ್ಲಿ ಪಟ್ಟಿ ಇದೆ. ಅದರ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಗದ್ದಲ ನಿಲ್ಲಿಸುತ್ತಿದ್ದುದು ನೆನಪಿದೆ.

ಮುಧೋಳದ ಮರಿಗೆ ಪಟ್ಟಿ ಕೊಳ್ಳುವವರು ಒಂದನ್ನು ಗಮನಿಸಬೇಕು. ಅದರ ತಲೆ ಕಿರಿದು, ಕೊರಳು ಉದ್ದ. ಸಾಮಾನ್ಯ ಪಟ್ಟಿಯಾದರೆ ಹಿಂದಕ್ಕೆ ಎಳೆದಾಗ ಕಿವಿಯ ಮೇಲಿಂದ ಜಾರಿ ಬಿಡುತ್ತದೆ. ಬೇಟೆನಾಯಿಗಳಿಗೆ ಅಗಲವಾದ ಪಟ್ಟಿ ಬೇಕಾಗುವುದು ಇದಕ್ಕೇ. ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು; ಬರಿಯ ನೆಲದ ಮೇಲೆ ಮಲಗಿದರೆ ಮೊಣಕೈ ಒರಟಾಗಿ ಹುಣ್ಣಾಗುತ್ತದೆ. ಹಾಸಿಗೆ ಇದಕ್ಕೆ ಸೋಗಿನ ವಸ್ತುವಲ್ಲ.

ನಮ್ಮ ನಾಡಿನಲ್ಲಿ ನಾಯಿಯೊಂದು ಹೊಸ ಯಜಮಾನನ ಮನೆಗೆ ಹೋದ ಬಹು ಹಳೆಯ ದಾಖಲೆ ಆತಕೂರು ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸದಲ್ಲಿ ನನ್ನೊಡನೆ ಬಂದಿದ್ದ ಮಕ್ಕಳು ಅದನ್ನು ನೋಡಿದ್ದೀರಿ; ನಿಮ್ಮಲ್ಲಿ ಹಲವರು ಆಗ ಐಸ್‌ಕ್ರೀಂ ಕಡೆ ನೋಡುತ್ತಿದ್ದಿರಿ ಎಂಬುದೂ ನನಗೆ ಗೊತ್ತು. ಕಾಲ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಹೋರಾಡಿದನು. ಬೂತುಗನ ಬಂಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಚಕ್ರವರ್ತಿಯು ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ಕಾಳಿ ಮುಂದೆ ಬೆಳತೂರಿನ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೇರನು ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಪೂಜೆ ಮಾಡುವ ಗೊರವನು ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಕಟ್ಟು ಮಾಡಿದನು.

ಅರಮನೆಯ ನಾಯಿ ಬರುವುದೆಂದು ಮಣಲೇರನ ಮನೆಯಲ್ಲಿ ಏನೇನು ಅಣಿಮಾಡಿದ್ದರೋ ಶಾಸನ ಹೇಳುವುದಿಲ್ಲ. ಹೆಸರಂತೂ ಜೊತೆಗೇ ಬಂದಿತ್ತು. ನಾಯಿಯ ಹೆಸರು ಬೇಗ ಕೂಗಲು ಬರುವಷ್ಟು ಚಿಕ್ಕದಿರಬೇಕು, ಆದರೆ ಎರಡು ಅಕ್ಷರಕ್ಕಿಂತ ಕಡಿಮೆ ಇರಬಾರದು ಎಂದು ಕೊಲುಮೆಲ್ಲಾ ಎಂಬ ಇನ್ನೊಬ್ಬ ರೋಮನ್ ಲೇಖಕನು ಮೊದಲನೆಯ ಶತಮಾನದಲ್ಲಿ ಬರೆದಿದ್ದಾನೆ. ಕಾಳಿ ಎಂಬುದು ಆ ಲಕ್ಷಣಕ್ಕೆ ಸರಿಯಾಗಿ ಕೂಡುತ್ತದೆ.

ಇನ್ನು ಆಹಾರ. ವರೋನು ಹಾಲಿನಲ್ಲಿ ನೆನೆಸಿದ ಬಾರ್ಲಿ ರೊಟ್ಟಿ ಹಾಕೆಂದ. ನಮ್ಮಜ್ಜಿ ಮಜ್ಜಿಗೆಯಲ್ಲಿ ಕಿವುಚಿದ ರಾಗಿಮುದ್ದೆ ಹಾಕುತ್ತಿದ್ದರು. ಎರಡಕ್ಕೂ ಹೆಚ್ಚು ದೂರವಿಲ್ಲ. ನಾಯಿಗೆಂದೇ ತಯಾರಿಸಿದ ಬಿಸ್ಕತ್ತು ಬಂದುದು 1860ರ ಸುಮಾರಿಗೆ, ಲಂಡನ್ನಿನಲ್ಲಿ. ತಯಾರಿಸಿದವನು ಅಮೆರಿಕದಿಂದ ಬಂದಿದ್ದ ಜೇಮ್ಸ್ ಸ್ಪ್ರ್ಯಾಟ್. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು ಅವನಿಗೆ ಇದು ಹೊಳೆಯಿತೆಂಬ ಕಥೆಯಿದೆ. ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸ ಸೇರಿಸಿ ಮಾಡಿದ ಆ ಬಿಸ್ಕತ್ತನ್ನು ಬೇಟೆನಾಯಿ ಸಾಕುವ ಶ್ರೀಮಂತರು ಕೊಂಡರು. ಅವನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ಯುವಕನೇ ಮುಂದೆ 1891ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಶ್ವಾನಪ್ರದರ್ಶನ ಆರಂಭಿಸಿದವನು. ಎರಡನೆಯ ಮಹಾಯುದ್ಧದಲ್ಲಿ ತಗಡಿಗೆ ಬರ ಬಂದುದರಿಂದ ಡಬ್ಬಿಯ ಆಹಾರ ಹಿಂದೆ ಸರಿದು, ಚೀಲದ ಒಣ ಆಹಾರ ಮುಂದೆ ಬಂತು. ಅಂಗಡಿಯ ಕಾಳುಗಳ ವಂಶಾವಳಿ ಇಷ್ಟೇ. ನನ್ನ ಸಲಹೆಯೇನೆಂದರೆ, ಮರಿ ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲು ಕೆಲವು ದಿನ ಕೊಟ್ಟು, ಆಮೇಲೆ ನಿಧಾನವಾಗಿ ಬದಲಿಸಬೇಕು.

ಈಗ ಪೆಟ್ಟಿಗೆಯ ವಿಚಾರ.

1987ರಲ್ಲಿ ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಬಾಡಿಗೆಮನೆಯಲ್ಲಿದ್ದೆ. ಮಗಳಿಗೆ ಆರು ವರ್ಷ. ಅವಳಿಗಾಗಿ ಕಂದುಬಣ್ಣದ ನಾಟಿ ಮರಿಯೊಂದನ್ನು ತಂದೆ. ಸಿದ್ಧತೆಯೆಂದರೆ ಒಂದು ಗೋಣಿಚೀಲ, ನೆಗ್ಗಿದ ಅಲ್ಯೂಮಿನಿಯಂ ತಟ್ಟೆ, ಒಂದು ಸೆಣಬಿನ ಹುರಿ. ತಿಂಗಳು ತುಂಬುವುದರೊಳಗೆ ಮರಿಗೆ ವಾಂತಿ, ಬಳಿಕ ರಕ್ತಭೇದಿ ಶುರುವಾಗಿ ಮೂರನೆಯ ದಿನ ಸತ್ತಿತು. ಹಲ್ಲಿ ತಿಂದಿರಬೇಕು ಎಂದು ನಾವೇ ತೀರ್ಮಾನಿಸಿದೆವು. ಮಗಳ ಅಳು ನೋಡಲಾರದೆ ಇಪ್ಪತ್ತು ದಿನದಲ್ಲಿ ಇನ್ನೊಂದು ಮರಿ ತಂದೆ. ನನ್ನ ಪತ್ನಿ ಅದೇ ಗೋಣಿಯನ್ನು ಒಗೆದು ಬಿಸಿಲಿಗೆ ಹಾಕಿದಳು, ತಟ್ಟೆಯನ್ನು ಬೂದಿಯಿಂದ ತಿಕ್ಕಿದಳು. ಎಂಟನೆಯ ದಿನ ಅದಕ್ಕೂ ಅದೇ ವಾಂತಿ, ಅದೇ ದುರ್ವಾಸನೆ. ಈ ಸಲ ಪಶುವೈದ್ಯರಲ್ಲಿಗೆ ಎತ್ತಿಕೊಂಡು ಹೋದೆ. ಅವರು ಮರಿಯನ್ನು ನೋಡಿ, ಹಿಂದಿನದರ ಕಥೆಯನ್ನೂ ಕೇಳಿ, ‘ಮೇಷ್ಟ್ರೇ, ಆ ಗೋಣಿಯನ್ನು ಸುಡಬೇಕಿತ್ತು’ ಎಂದರು. ಮರುದಿನ ಮರಿ ಹೋಯಿತು.

ಆ ಮಾತು ಮಗಳ ಕಿವಿಗೂ ಬಿದ್ದಿತ್ತು. ‘ಅಪ್ಪ, ಗೋಣಿಗೆ ಕಾಯಿಲೆ ಇತ್ತಾ?’ ಎಂದು ಕೇಳಿದಳು. ಬಿ.ಇಡಿ. ಮಾಡಿದ ನಾನು ಉತ್ತರ ಕೊಡಲಿಲ್ಲ. ಅನಂತರ ಅವಳು ನಾಯಿ ಬೇಕೆಂದು ಒಮ್ಮೆಯೂ ಕೇಳಲಿಲ್ಲ. ತನ್ನ ಮನೆಯಲ್ಲೂ ಇಷ್ಟು ವರ್ಷ ಸಾಕಲಿಲ್ಲ.

ಆ ಕಾಯಿಲೆಯ ಹೆಸರು ಪಾರ್ವೊ. ರೋಗಗಳಲ್ಲಿ ಇದು ತೀರ ಹೊಸದು. ವರೋನಿಗೂ ಮಣಲೇರನಿಗೂ ಇದರ ಭಯವಿರಲಿಲ್ಲ. ಬೆಕ್ಕುಗಳ ವೈರಾಣುವೊಂದಕ್ಕೆ ಹತ್ತಿರದ ಸಂಬಂಧಿಯಾದ ಇದು 1978ರಲ್ಲಿ ಬೆಳಕಿಗೆ ಬಂದು, ಎರಡೇ ವರ್ಷಗಳಲ್ಲಿ ಜಗತ್ತನ್ನು ಸುತ್ತಿತು. 1980ರ ದಶಕದ ಆರಂಭದಲ್ಲೇ ನಮ್ಮ ದೇಶದಲ್ಲೂ ಕಾಣಿಸಿಕೊಂಡಿತು. ಸತ್ತ ಮರಿಯ ಮಲದಿಂದ ಹಾಸಿಗೆ, ಬಟ್ಟಲು, ನೆಲ, ಚಪ್ಪಲಿಗೆ ಹತ್ತಿದ ಈ ವೈರಾಣು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೆರಳಿನ ಒದ್ದೆಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು. ಸೋಪು, ಬೂದಿಗಳಿಂದ ಸಾಯುವುದಿಲ್ಲ. ಮಾಮೂಲಿ ಫಿನಾಯಿಲನ್ನೂ ನಂಬುವಂತಿಲ್ಲ. ಕ್ಲೋರಿನ್ ಇರುವ ಬ್ಲೀಚ್ ದ್ರಾವಣಕ್ಕೆ ಸಾಯುತ್ತದೆ. ಮೊದಲು ಕೊಳೆಯನ್ನೆಲ್ಲ ತೊಳೆದು ತೆಗೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಡಬೇಕು.

ಲಸಿಕೆ ಇದೆಯಲ್ಲ ಎನ್ನಬಹುದು. ಇದೆ, ಹಾಕಿಸಲೇಬೇಕು. ಆದರೆ ತಾಯಿಯ ಹಾಲಿನಿಂದ ಮರಿಗೆ ಬಂದ ರಕ್ಷಣೆಯೇ ಲಸಿಕೆಯ ಕೆಲಸಕ್ಕೆ ಸ್ವಲ್ಪ ಕಾಲ ಅಡ್ಡಿಯಾಗುತ್ತದೆ. ಆ ರಕ್ಷಣೆ ಯಾವ ದಿನ ಇಳಿಯುವುದೆಂದು ಹೊರಗಿನಿಂದ ತಿಳಿಯದು. ಅದಕ್ಕಾಗಿ ಆರೆಂಟು ವಾರದಲ್ಲಿ ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಚುಚ್ಚುತ್ತಾರೆ. ನಡುವಿನ ಆ ವಾರಗಳೇ ಅಪಾಯದವು. ಹುಚ್ಚುನಾಯಿ ರೋಗದ ಲಸಿಕೆ ಬೇರೆ. ಅದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುತ್ತಾರೆ. ಕೂನೂರಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾದುದು ಈ ರೋಗದ ಚಿಕಿತ್ಸೆಗೇ. ನಾಯಿ ಕಚ್ಚಿದವರು ಹೊಕ್ಕುಳ ಸುತ್ತ ಚುಚ್ಚಿಸಿಕೊಳ್ಳುತ್ತಿದ್ದ ಹಳೆಯ ಔಷಧವನ್ನು ನನ್ನ ವಯಸ್ಸಿನವರು ಮರೆತಿರಲಾರಿರಿ.

ಪಟ್ಟಿ ಓದಿದ ಕೂಡಲೇ ಮಗಳಿಗೆ ದೂರವಾಣಿ ಮಾಡಿ, ಆ ಪೆಟ್ಟಿಗೆಯಲ್ಲಿದ್ದ ನಾಯಿ ಏನಾಯಿತೆಂದು ಕೇಳಿದೆ. ಮನೆಯ ಮಾಲೀಕರಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿಯವರನ್ನು ವಿಚಾರಿಸಿದಾಗ, ಹೋದ ಮಳೆಗಾಲದಲ್ಲಿ ಅಲ್ಲೊಂದು ಮರಿ ‘ಭೇದಿಯಾಗಿ’ ಸತ್ತಿತೆಂದರು. ಮಗಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, ‘ಗೋಣಿ ತರಹವಾ ಅಪ್ಪ?’ ಎಂದಳು. ಹೌದಮ್ಮಾ ಎಂದೆ. 1987ರಲ್ಲಿ ಕೊಡಬೇಕಾಗಿದ್ದ ಉತ್ತರವನ್ನೂ ಆಗಲೇ ಕೊಟ್ಟೆ.

ಅಂದೇ ಸಂಜೆ ಅಳಿಯಂದಿರು ಪೆಟ್ಟಿಗೆಯನ್ನು ಒಡೆದು ಸುಟ್ಟರು. ಮನೆಯ ನೆಲ, ಮೆಟ್ಟಿಲುಗಳನ್ನು ಎರಡು ಸಲ ಬ್ಲೀಚಿನಿಂದ ತೊಳೆದರು. ಹಿತ್ತಲಿನ ಮಣ್ಣನ್ನು ತೊಳೆಯಲಾಗದು. ಲಸಿಕೆಗಳೆಲ್ಲ ಮುಗಿಯುವವರೆಗೆ ಹಿತ್ತಲ ಬಾಗಿಲಿಗೆ ಬೀಗ, ಹೊರಗಿನ ಚಪ್ಪಲಿ ಹೊರಗೇ. ಮೊಮ್ಮಗನು ಪಟ್ಟಿಯನ್ನು ತಿದ್ದಿ ಕಳುಹಿಸಿದ: ಬ್ಲೀಚು ಮೊದಲನೆಯದು, ಹೊಸ ಹಾಸಿಗೆ ಎರಡನೆಯದು, ಚೆಂಡು ಕೊನೆಯದು.

ಮರಿ ಕಳೆದ ಭಾನುವಾರ ಬಂದಿದೆ. ಹೆಣ್ಣುಮರಿ, ಒಂದು ಲಸಿಕೆ ಆಗಿದೆ. ನಾನು ಹೇಳಿದ ಶಾಸನದ ಕಥೆಯಿಂದ ಕಾಳಿ ಎಂದೇ ಹೆಸರಿಟ್ಟಿದ್ದಾರೆ. ಮೈಬಣ್ಣ ಮಾತ್ರ ಬಿಳಿ. ಕೊರಳಪಟ್ಟಿ ದೊಡ್ಡದಾಗಿ ಇನ್ನೂ ಎರಡು ತೂತು ಹೊಡೆಸಬೇಕಾಯಿತಂತೆ. ಮುಂದಿನ ಚುಚ್ಚುಮದ್ದಿನ ದಿನವನ್ನು ಮಗಳು ತಾನೇ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾಳೆ.