ಅಜವಾನ: ಅಡುಗೆಮನೆಯ ಔಷಧ, ಅದರ ಗುಣ ಮತ್ತು ಮಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಅಡುಗೆಮನೆಗಳಲ್ಲಿ ಅಜವಾನ ಬರೀ ಮಸಾಲೆಯಲ್ಲ, ಮನೆಮದ್ದೂ ಹೌದು. ಹೊಟ್ಟೆ ಉಬ್ಬರ, ಅಜೀರ್ಣ, ನೆಗಡಿ, ಕೆಮ್ಮು, ಬಾಣಂತಿಯ ಆರೈಕೆ ಎಂದರೆ ವೈದ್ಯರ ಬಳಿ ಹೋಗುವ ಮುನ್ನ ಹಿರಿಯರ ಕೈ ಚಾಚುವುದು ಈ ಪುಟ್ಟ ಕಾಳಿನ ಡಬ್ಬಿಯತ್ತಲೇ. ಈ ನಂಬಿಕೆಗೆ ಆಧಾರವಿದೆ. ಆದರೆ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಅರಿತು ಬಳಸುವುದು ಅಗತ್ಯ.

ಹೆಸರು ಹಲವು

ಹಳೆ ಮೈಸೂರು ಭಾಗದಲ್ಲಿ ಓಮ ಅಥವಾ ಓಮದ ಕಾಳು ಎನಿಸಿಕೊಳ್ಳುವ ಇದು ಕಲ್ಯಾಣ ಕರ್ನಾಟಕದಲ್ಲಿ ಅಜವಾನ. ತೆಲುಗಿನಲ್ಲಿ ವಾಮು, ಮರಾಠಿಯಲ್ಲಿ ಓವಾ, ಸಂಸ್ಕೃತದಲ್ಲಿ ಯವಾನಿ ಮತ್ತು ದೀಪ್ಯಕ. ಜಠರಾಗ್ನಿಯನ್ನು ಉದ್ದೀಪಿಸುವುದು ಎಂಬುದೇ ದೀಪ್ಯಕ ಎಂಬ ಹೆಸರಿನ ಭಾವ. ಸಸ್ಯಶಾಸ್ತ್ರೀಯ ಹೆಸರು ಟ್ರಾಕಿಸ್ಪರ್ಮಮ್ ಅಮ್ಮಿ. ಕೊತ್ತಂಬರಿ, ಜೀರಿಗೆ, ಸೋಂಪುಗಳ ಕುಟುಂಬಕ್ಕೆ ಸೇರಿದ ಈ ಗಿಡ ಬಿಳಿ ಹೂ ಬಿಡುತ್ತದೆ. ನಾವು ಕಾಳು ಎಂದು ಕರೆಯುವುದು ವಾಸ್ತವವಾಗಿ ಅದರ ಒಣಗಿದ ಹಣ್ಣು.

ಎರಡು ವೈದ್ಯ ಪರಂಪರೆ

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ವೈದ್ಯಾಚಾರ್ಯ ಉಗ್ರಾದಿತ್ಯ 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥ ರಚಿಸಿದ. ಮುಂದೆ 1948ರವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆಯುರ್ವೇದದ ಜೊತೆಗೆ ಯುನಾನಿಯೂ ಬೇರೂರಿತು. ಎರಡೂ ಪದ್ಧತಿಗಳಲ್ಲಿ ಅಜವಾನಕ್ಕೆ ಸ್ಥಾನವಿದೆ. ಕಾಳನ್ನು ಭಟ್ಟಿ ಇಳಿಸಿ ತೆಗೆಯುವ ಅರ್ಕ ಇಂದಿಗೂ ಅಜೀರ್ಣಕ್ಕೆ ಬಳಕೆಯಲ್ಲಿದೆ.

ಮನೆಯ ಬಳಕೆ

* ಊಟದ ನಂತರ ಹೊಟ್ಟೆ ಭಾರವೆನಿಸಿದರೆ ಅರ್ಧ ಚಮಚ ಅಜವಾನಕ್ಕೆ ಚಿಟಿಕೆ ಉಪ್ಪು ಸೇರಿಸಿ ಅಗಿದು, ಮೇಲೆ ಬಿಸಿನೀರು ಕುಡಿಯುವುದು ವಾಡಿಕೆ.
* ನೆಗಡಿಯಿಂದ ಮೂಗು ಕಟ್ಟಿದಾಗ ಕಾಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುತ್ತಾರೆ, ಇಲ್ಲವೇ ನೀರಿನಲ್ಲಿ ಕುದಿಸಿ ಹಬೆ ತೆಗೆದುಕೊಳ್ಳುತ್ತಾರೆ.
* ಬಾಣಂತಿಗೆ ಅಜವಾನದ ಕಷಾಯ ಕೊಡುವುದುಂಟು. ಕೆಂಡದ ಮೇಲೆ ಕಾಳು ಹಾಕಿ ಹೊಗೆ ಹಿಡಿಯುವುದೂ ಉಂಟು.
* ಮಿರ್ಚಿ ಭಜಿಯ ಕಡಲೆಹಿಟ್ಟಿಗೆ ಅಜವಾನ ಬೀಳುವುದು ರುಚಿಗಷ್ಟೇ ಅಲ್ಲ, ಕರಿದ ಪದಾರ್ಥ ಜೀರ್ಣವಾಗಲೆಂದು ಸಹ.

ಗುಣದ ಮೂಲ ಥೈಮಾಲ್

ಕಾಳಿನಲ್ಲಿ ಸುಮಾರು ಶೇ. 2ರಿಂದ 4ರಷ್ಟು ಸುಗಂಧ ತೈಲವಿರುತ್ತದೆ. ಆ ತೈಲದ ಮುಖ್ಯ ಅಂಶವೇ ಥೈಮಾಲ್. ಸಾಮಾನ್ಯವಾಗಿ ತೈಲದ ಅರ್ಧದಷ್ಟು ಇದೇ. ಘಾಟು ವಾಸನೆಗೂ ಸೂಕ್ಷ್ಮಾಣು ನಿರೋಧಕ ಗುಣಕ್ಕೂ ಕಾರಣ ಇದು. ಇದರ ಹರಳುಗಳೇ ಮಾರುಕಟ್ಟೆಯ 'ಅಜವಾನದ ಹೂವು'. ಕರ್ಪೂರ ಮತ್ತು ಪುದೀನ ಹರಳಿನೊಡನೆ ಬೆರೆಸಿದರೆ ಮೂರೂ ಕರಗಿ ದ್ರವವಾಗುತ್ತವೆ. ಅಮೃತಧಾರೆ ಎಂಬ ಹೆಸರಿನ ಔಷಧ ತಯಾರಾಗುವುದು ಹೀಗೆ.

ಮೊದಲ ಮಹಾಯುದ್ಧಕ್ಕೆ ಮುನ್ನ ಭಾರತದ ಅಜವಾನ ಥೈಮಾಲ್ ತಯಾರಿಕೆಗಾಗಿ ಜರ್ಮನಿಗೆ ರಫ್ತಾಗುತ್ತಿತ್ತು. ಕೊಕ್ಕೆಹುಳು ಬಾಧೆಯ ವಿರುದ್ಧ 1909ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾಕ್‌ಫೆಲ್ಲರ್ ಆಯೋಗದ ಕಾರ್ಯಕ್ರಮದಲ್ಲಿ ಥೈಮಾಲ್ ಪ್ರಮುಖ ಔಷಧವಾಗಿತ್ತು. ಮುಂದೆ ಹೆಚ್ಚು ಸುರಕ್ಷಿತ ಔಷಧಗಳು ಅದರ ಜಾಗಕ್ಕೆ ಬಂದವು.

ಮಿತಿ ಎಲ್ಲಿದೆ?

ಹೊಟ್ಟೆಹುಳುವಿಗೆ ಮಕ್ಕಳಿಗೆ ಬೆಲ್ಲದ ಜೊತೆ ಅಜವಾನ ತಿನ್ನಿಸುವ ರೂಢಿ ಇನ್ನೂ ಇದೆ. ಅಂದು ಕೊಕ್ಕೆಹುಳುವಿಗೆ ವಯಸ್ಕರಿಗೆ ಕೊಡುತ್ತಿದ್ದುದು ಹಲವು ಗ್ರಾಂ ಶುದ್ಧ ಥೈಮಾಲ್. ಒಂದು ಗ್ರಾಂ ಅಜವಾನದಲ್ಲಿರುವುದು ಸುಮಾರು 10ರಿಂದ 20 ಮಿಲಿಗ್ರಾಂ ಮಾತ್ರ. ಆದ್ದರಿಂದ ಚಮಚೆಯಷ್ಟು ಕಾಳಿನಿಂದ ಹುಳು ಸಾಯುತ್ತದೆಂದು ನಂಬುವಂತಿಲ್ಲ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ ಹಾಗೂ ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ದೊರೆಯುತ್ತದೆ. ಮಕ್ಕಳಿಗೆ ಅದನ್ನು ತಪ್ಪಿಸಬಾರದು.

ಎರಡನೆಯದು ಕೆಮ್ಮು. ಶಹಾಬಾದ್ ಹಾಸುಗಲ್ಲಿಗೆ, ವಾಡಿ ಮತ್ತು ಸೇಡಂ ಸಿಮೆಂಟಿಗೆ ಹೆಸರಾದ ಊರುಗಳು. ಕಲ್ಲುಗಣಿ ಮತ್ತು ಸಿಮೆಂಟು ಕೆಲಸದವರಿಗೆ ಧೂಳು ನಿತ್ಯದ ಸಂಗಾತಿ. ಅಜವಾನದ ಹಬೆಯಿಂದ ಕಟ್ಟಿದ ಮೂಗು ತೆರೆದು ತಾತ್ಕಾಲಿಕ ಆರಾಮ ಸಿಗಬಹುದು. ಶ್ವಾಸಕೋಶದ ಆಳಕ್ಕಿಳಿದ ಧೂಳನ್ನು ಅದು ಹೊರಹಾಕಲಾರದು, ಕ್ಷಯವನ್ನು ಗುಣಪಡಿಸಲಾರದು. ಎರಡು ವಾರಕ್ಕೂ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮನೆಮದ್ದಿನಲ್ಲಿ ಕಳೆದ ತಿಂಗಳುಗಳು ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ.

ಎಚ್ಚರಿಕೆ

* ಖುರಾಸಾನಿ ಅಜವಾನ ಬೇರೆಯದೇ ಗಿಡ. ಹೆಸರಿನಲ್ಲಿ ಸಾಮ್ಯವಿದ್ದರೂ ಅದು ವಿಷಕಾರಿ. ಹೆಚ್ಚಾದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮತಿಭ್ರಮೆ ಉಂಟಾಗುತ್ತದೆ. ಗಿಡಮೂಲಿಕೆ ಅಂಗಡಿಯಲ್ಲಿ ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಬೇಕು.
* ಕುಂಡದಲ್ಲಿ ಬೆಳೆಸುವ 'ಅಜವಾನ ಎಲೆ' ದೊಡ್ಡಪತ್ರೆಯೇ ಹೊರತು ಅಜವಾನ ಗಿಡದ ಎಲೆಯಲ್ಲ.
* ಆರು ತಿಂಗಳೊಳಗಿನ ಕೂಸಿಗೆ ತಾಯಿಹಾಲಿನ ಹೊರತು ಅಜವಾನದ ನೀರನ್ನೂ ಕೊಡಬಾರದು. ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು ತಾಯಿ, ಮಗು ಇಬ್ಬರಿಗೂ ಅಪಾಯ.
* ಗರ್ಭಿಣಿಯರು ಮತ್ತು ಹೊಟ್ಟೆಹುಣ್ಣು ಉಳ್ಳವರು ಅಡುಗೆಯ ಪ್ರಮಾಣ ಮೀರಿ ಬಳಸಬಾರದು.
* ಅಜವಾನದ ಹೂವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಕಾದಾಗಷ್ಟೇ ಪುಡಿ ಮಾಡಿಕೊಳ್ಳುವುದು ಒಳಿತು. ಅಂಗೈಯಲ್ಲಿ ಉಜ್ಜಿದಾಗ ಘಾಟು ಬಾರದಿದ್ದರೆ ತೈಲ ಹಾರಿಹೋಗಿದೆ ಎಂದರ್ಥ. ಒಂದು ದಿನದ ಅಜೀರ್ಣಕ್ಕೆ, ಸಾಮಾನ್ಯ ನೆಗಡಿಗೆ ಅಜವಾನ ಸಾಕು. ನೋವು ಬಿಡದಿದ್ದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.