ಶುಐಬಾ ದಾರಿಯಲ್ಲಿ ಎಂಬತ್ತರ ದಶಕದ ಹಾಡುಗಳು

ಶುಐಬಾ ಎಂದರೆ ಊರಿನವರಿಗೆ ಏನೂ ನೆನಪಾಗುವುದಿಲ್ಲ. ಕುವೈತ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಸಮುದ್ರದ ದಡದಲ್ಲಿರುವ ಕೈಗಾರಿಕಾ ಪ್ರದೇಶ ಅದು. ಬಂದರು, ಪೆಟ್ರೋಕೆಮಿಕಲ್ ಘಟಕಗಳು, ಸಾಲು ಸಾಲು ಗೋದಾಮುಗಳು. 1968ರಲ್ಲಿ ಶುರುವಾದ ಇಲ್ಲಿನ ತೈಲ ಶುದ್ಧೀಕರಣಾಗಾರ 2017ರಲ್ಲಿ ಬಾಗಿಲು ಮುಚ್ಚಿತು. ಒಂದು ಗುತ್ತಿಗೆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಮಂಗಾಫ್‌ನಿಂದ ದಿನಾ ಬೆಳಗ್ಗೆ ನಾವು ನಾಲ್ವರು ಕನ್ನಡಿಗರು ಒಂದೇ ಕಾರಿನಲ್ಲಿ ಹೊರಡುತ್ತೇವೆ. ಮೈಸೂರಿನವರೊಬ್ಬರು, ಕಲಬುರಗಿಯವರೊಬ್ಬರು, ದಾವಣಗೆರೆಯ ನಾನು, ಮತ್ತು ನಾವೆಲ್ಲ ‘ಅಣ್ಣ’ ಎಂದು ಕರೆಯುವ ಕುಂದಾಪುರದ ಹಿರಿಯರು. ಅಣ್ಣ ಕುವೈತಿಗೆ ಬಂದದ್ದು 1983ರಲ್ಲಿ.

2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡರು. ಆ ವಾರ ಕಾರಿನಲ್ಲಿ ಮಾಸ್ಕ್ ಹಾಕಿಕೊಂಡು ಕೂತ ನಾಲ್ವರಿಗೂ ಬೇರೆ ಮಾತೇ ಇರಲಿಲ್ಲ. ಎಂಬತ್ತರ ದಶಕದ ಅತ್ಯುತ್ತಮ ಕನ್ನಡ ಹಾಡು ಯಾವುದು ಎಂಬ ಜಗಳ ಹುಟ್ಟಿದ್ದು ಆಗ. ಇನ್ನೂ ಮುಗಿದಿಲ್ಲ.

ಮೈಸೂರಿನವರದು ‘ಪ್ರೇಮಲೋಕ’. 1987ರ ಚಿತ್ರ. ಹಾಡು ಬರೆದದ್ದೂ ಹಂಸಲೇಖ, ರಾಗ ಹಾಕಿದ್ದೂ ಅವರೇ. ಕಾಲೇಜು ಹುಡುಗರ ಮಾತನ್ನೇ ಹಾಡು ಮಾಡಿದರು, ಅಲ್ಲಿಂದ ಕನ್ನಡ ಹಾಡಿನ ಭಾಷೆಯೇ ಬದಲಾಯಿತು ಎಂಬುದು ಅವರ ವಾದ. ಕಲಬುರಗಿಯವರು ‘ಚಲಿಸುವ ಮೋಡಗಳು’ ಚಿತ್ರದಲ್ಲಿ ರಾಜ್‌ಕುಮಾರ್ ಕನ್ನಡ ನುಡಿಯನ್ನು ಹೊಗಳಿ ಹಾಡಿದ ಹಾಡನ್ನು ಬಿಟ್ಟುಕೊಡುವುದಿಲ್ಲ. ಚಿ. ಉದಯಶಂಕರ್ ಸಾಹಿತ್ಯ, ರಾಜನ್-ನಾಗೇಂದ್ರ ಸಂಗೀತ, ವರ್ಷ 1982. ಗೋಕಾಕ್ ವರದಿ ಜಾರಿಯಾಗಲಿ ಎಂದು ರಾಜ್‌ಕುಮಾರ್ ಊರೂರು ಸುತ್ತಿದ್ದೂ ಅದೇ ವರ್ಷ. ‘ಆ ಹಾಡಿಗೆ ಚಿತ್ರದ ಹಂಗಿಲ್ಲರೀ, ರಾಜ್ಯೋತ್ಸವದಾಗ ಇವತ್ತಿಗೂ ಹಾಡ್ತಾರ’ ಎನ್ನುತ್ತಾರೆ. ನನ್ನದು ‘ಗೀತಾ’. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ಚಿತ್ರ, ಇಳಯರಾಜ ಸಂಗೀತ. ಎಸ್‌ಪಿಬಿ ಮತ್ತು ಎಸ್. ಜಾನಕಿ ಹಾಡಿದ ಅದರ ಯುಗಳಗೀತೆಯ ರಾಗವನ್ನು ಇಳಯರಾಜ 2007ರ ಹಿಂದಿ ಚಿತ್ರ ‘ಚೀನಿ ಕಮ್’ಗೆ ಮತ್ತೆ ಬಳಸಿದರು. ಇಪ್ಪತ್ತಾರು ವರ್ಷವಾದ ಮೇಲೂ ಹೊಸದರಂತೆ ಚಲಾವಣೆಯಾದ ರಾಗಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ನಾನು ಕೇಳುತ್ತೇನೆ.

ಅಣ್ಣನದು ಒಂದೇ ಉತ್ತರ. ‘ಬಂಧನ’, 1984. ಎಂ. ರಂಗರಾವ್ ಸಂಗೀತ, ಆರ್.ಎನ್. ಜಯಗೋಪಾಲ್ ಸಾಹಿತ್ಯ, ಎಸ್‌ಪಿಬಿ ಹಾಡಿದ ‘ನೂರೊಂದು ನೆನಪು’. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಆ ಹಾಡನ್ನು ಗುನುಗುವಾಗ ಅವರು ಯಾವಾಗಲೂ ಮಧ್ಯದಿಂದಲೇ ಶುರುಮಾಡುತ್ತಿದ್ದರು. ಪಲ್ಲವಿ ಮರೆತಿರಬೇಕು ಎಂದುಕೊಂಡಿದ್ದೆವು.

ನಾನು ಲೆಕ್ಕಿಗ. ವೋಚರ್ ಇಲ್ಲದ ಖರ್ಚನ್ನು ಒಪ್ಪಿ ಅಭ್ಯಾಸವಿಲ್ಲ. ಹಾಗಾಗಿ ಒಂದು ಶುಕ್ರವಾರ ಕೂತು ಪಟ್ಟಿ ಮಾಡಿದೆ: ಚಿತ್ರ, ವರ್ಷ, ಸಂಗೀತ, ಸಾಹಿತ್ಯ, ಗಾಯಕರು. ಕೊನೆಯ ಕಾಲಂ ‘ಆಧಾರ’. ಅದೇ ಖಾಲಿ ಉಳಿಯಿತು.

ಇಂಗ್ಲಿಷ್ ಹಾಡುಗಳಿಗೆ ಈ ಕಷ್ಟವಿಲ್ಲ. 1952ರಲ್ಲೇ ಲಂಡನ್ನಿನ ಸಂಗೀತ ಪತ್ರಿಕೆಯೊಂದು ಅಂಗಡಿಗಳಿಗೆ ಫೋನ್ ಮಾಡಿ, ಯಾವ ರೆಕಾರ್ಡು ಹೆಚ್ಚು ಹೋಯಿತೆಂದು ಕೇಳಿ ಪಟ್ಟಿ ಅಚ್ಚುಹಾಕತೊಡಗಿತು. ಅದೇ ವರ್ಷ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ರೆಕಾರ್ಡು ಮಾರಾಟ ಮತ್ತು ಕೇಳುಗರ ಪತ್ರಗಳ ಬಲದ ಮೇಲೆ ಹಿಂದಿ ಹಾಡುಗಳಿಗೆ ವರ್ಷಾಂತ್ಯದ ಸ್ಥಾನ ಸಿಗುತ್ತಿತ್ತು. ಎಂಬತ್ತರ ದಶಕದ ಕನ್ನಡ ಹಾಡಿಗೆ ನಾನು ನಂಬಬಹುದಾದ ಅಂಥ ಲೆಡ್ಜರ್ ಸಿಗಲಿಲ್ಲ. ಕ್ಯಾಸೆಟ್ ಮಾರಾಟದ ದೊಡ್ಡ ದೊಡ್ಡ ಸಂಖ್ಯೆಗಳು ಬಾಯಿಂದ ಬಾಯಿಗೆ ಬಂದಿವೆ. ಆಡಿಟರ್ ಸಹಿ ಹಾಕುವಂಥವಲ್ಲ.

ಅದಕ್ಕೆ ಕಾರಣ ಕ್ಯಾಸೆಟ್ಟೇ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಮನೆಗಳಿಗೆ ತುಂಬಿಕೊಂಡಿದ್ದು ಎಂಬತ್ತರ ದಶಕದಲ್ಲಿ. ಅದಕ್ಕೂ ಮೊದಲು ಗ್ರಾಮಫೋನ್ ಇದ್ದವರು ಕೆಲವರು. ಉಳಿದವರಿಗೆ ಆಕಾಶವಾಣಿ ಹಾಕಿದ್ದೇ ಹಾಡು. ‘ಗೀತಾ’ ಬಂದಾಗ ನಮ್ಮ ಕಡೆ ರೇಡಿಯೋದಲ್ಲಿ ಯಾವಾಗ ಬರುತ್ತದೋ ಎಂದು ಕಾಯಬೇಕಿತ್ತು ಎಂದು ನನ್ನ ಅಮ್ಮ ಹೇಳುತ್ತಾರೆ. ‘ಪ್ರೇಮಲೋಕ’ದ ಹೊತ್ತಿಗೆ ನಾವೇ ಬೇಕಾದಾಗ ಗುಂಡಿ ಒತ್ತುತ್ತಿದ್ದೆವು. ಹಾಡಿನಿಂದ ಹಾಡಿಗೆ ಕಥೆ ಸಾಗುವ ಆ ಚಿತ್ರವನ್ನು ಎ ಬದಿಯಿಂದ ಬಿ ಬದಿಯವರೆಗೆ ಕೂತು ಕೇಳಬಹುದಿತ್ತು. ಒಂದೇ ದಶಕ ಎನ್ನುತ್ತೇವೆ, ಆದರೆ ಅದರ ಎರಡು ತುದಿಯಲ್ಲಿ ಎರಡು ಬೇರೆ ವ್ಯಾಪಾರಗಳಿದ್ದವು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೊರಟಿದ್ದೇ ನಮ್ಮ ತಪ್ಪು.

ಮತ್ತೆ, ಒಬ್ಬ ಕೊಂಡ ಕ್ಯಾಸೆಟ್ಟು ಹತ್ತು ಜನರಿಗೆ ನಕಲಾಗುತ್ತಿತ್ತು. ಗಲ್ಫ್‌ನಲ್ಲಂತೂ ಅದೇ ರೂಢಿ. ರಜೆಗೆ ಹೋದವನು ತಂದ ಒಂದು ಕ್ಯಾಸೆಟ್ಟು ಎರಡು ತಿಂಗಳಲ್ಲಿ ಕ್ಯಾಂಪಿನ ಎಲ್ಲ ರೂಮುಗಳಲ್ಲೂ ಹಾಡುತ್ತಿತ್ತು ಎಂದು ಅಣ್ಣ ಹೇಳುತ್ತಾರೆ. ಇದು ಯಾವ ಕಂಪನಿಯ ಖಾತೆಯಲ್ಲಿ ಬರೆಯಲ್ಪಟ್ಟೀತು?

ಪಟ್ಟಿ ತಾನಾಗಿಯೂ ಬದಲಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ‘ಭಾಗ್ಯವಂತ’ದಲ್ಲಿ ಅವರು ಪುಟ್ಟ ಹುಡುಗನಾಗಿದ್ದಾಗ ಹಾಡಿದ ಹಾಡು ನಮ್ಮ ಚರ್ಚೆಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಮಾರನೆಯ ವಾರ ಕಾರಿನಲ್ಲಿ ಅದನ್ನು ಹಾಕಿದಾಗ ಯಾರೂ ವಾದ ಮಾಡಲಿಲ್ಲ. ಹಾಡು ಅದೇ, ಸ್ವರ ಅದೇ. ನಾವು ಕೇಳುವ ರೀತಿ ಬೇರೆಯಾಗಿತ್ತು.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಧೂಳುಗಾಳಿ ಎದ್ದು ಕಾರು ಆಮೆಯಂತೆ ಸಾಗುತ್ತಿತ್ತು. ‘ಬಂಧನ’ದ ಹಾಡು ಹಾಕಿ, ‘ಅಣ್ಣಾ, ಇವತ್ತಾದರೂ ಕಾರಣ ಹೇಳಿ’ ಎಂದೆ. ಅವರು ಹೇಳಿದರು.

1985ರಲ್ಲಿ ಅವರು ಊರಿಗೆ ಒಂದು ಟು-ಇನ್-ಒನ್ ಒಯ್ದಿದ್ದರು. ಆಗ ಫೋನ್ ಮಾಡುವುದು ದುಬಾರಿ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಂದ ಬರುವವರ ಕೈಯಲ್ಲಿ ಕಳಿಸುವುದು ಗಲ್ಫ್ ಮನೆಗಳ ವಾಡಿಕೆಯಾಗಿತ್ತು. ಖಾಲಿ ಕ್ಯಾಸೆಟ್ಟಿಗೆ ಯಾಕೆ ದುಡ್ಡು ಎಂದು ಅತ್ತಿಗೆ ‘ಬಂಧನ’ದ ಕ್ಯಾಸೆಟ್ಟಿನ ಮೂಲೆಯ ತೂತಿಗೆ ಕಾಗದ ತುರುಕಿ ಹಾಡಿನ ಮೇಲೆಯೇ ಮಾತಾಡಿದರಂತೆ. ಗದ್ದೆ ನಾಟಿ, ಮಗುವಿನ ಜ್ವರ, ಅತ್ತೆಯ ಮೊಣಕಾಲು ನೋವು. ಮಾತು ಮುಗಿದ ಜಾಗದಲ್ಲಿ ಎಸ್‌ಪಿಬಿ ಹಾಡು ಮಧ್ಯದಿಂದ ಶುರುವಾಗುತ್ತಿತ್ತು. ಶುಐಬಾದ ರೂಮಿನಲ್ಲಿ ಅಣ್ಣ ಐದು ವರ್ಷ ಆ ಹಾಡನ್ನು ಹಾಗೆಯೇ ಕೇಳಿದರು.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಏರ್ ಇಂಡಿಯಾ ವಿಮಾನಗಳು ಜೋರ್ಡಾನಿನ ಅಮ್ಮಾನ್‌ನಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರು ಸೇರಿಸಿದವು. ಅಣ್ಣನೂ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಅಮ್ಮಾನ್ ಮುಟ್ಟಿದವರು. ಕೈಯಲ್ಲಿ ಪಾಸ್‌ಪೋರ್ಟು, ಎರಡು ಜೊತೆ ಬಟ್ಟೆ. ಕ್ಯಾಸೆಟ್ಟುಗಳ ಪೆಟ್ಟಿಗೆ ಮಂಚದ ಕೆಳಗೇ ಉಳಿಯಿತು. 1992ರಲ್ಲಿ ವಾಪಸು ಬಂದು ನೋಡಿದರೆ ಆ ರೂಮಿನಲ್ಲಿ ಬೇರೆ ಯಾರೋ ಇದ್ದರು.

‘ಅತ್ತಿಗೆ ಹತ್ತಿರ ಮತ್ತೆ ಅದೇ ಮಾತು ಹೇಳಿಸಬಹುದಿತ್ತಲ್ಲ?’ ಎಂದರು ಮೈಸೂರಿನವರು.

‘ಕೇಳಿದೆ ಮಾರಾಯ್ರೆ. ಆವತ್ತು ಎಂತ ಹೇಳಿದ್ದು ಅಂತ ಯಾರಿಗೆ ನೆನಪುಂಟು ಅಂದಳು.’

ಅವತ್ತು ಮನೆಗೆ ಬಂದು ಪಟ್ಟಿ ತೆರೆದೆ. ‘ಗೀತಾ’ ಈಗಲೂ ನನ್ನ ಮೊದಲ ಸಾಲಿನಲ್ಲೇ ಇದೆ. ಅಣ್ಣನ ಕಥೆ ಕೇಳಿ ಅಭಿಪ್ರಾಯ ಬದಲಿಸಿದರೆ ಅವರೇ ನಗುತ್ತಾರೆ. ಆದರೆ ನಾನು ಆಧಾರ ಹುಡುಕಿದ ಜಾಗ ತಪ್ಪಾಗಿತ್ತು ಎನ್ನುವುದು ಖಚಿತವಾಯಿತು. ಆ ದಶಕದಲ್ಲಿ ಜನ ಯಾವ ಹಾಡನ್ನು ಎಷ್ಟು ಕೇಳಿದರು, ಯಾಕೆ ಕೇಳಿದರು ಎಂಬ ಲೆಕ್ಕ ಕಂಪನಿಗಳ ಪುಸ್ತಕದಲ್ಲಿಲ್ಲ. ಕೈಬರಹದ ಚೀಟಿ ಅಂಟಿಸಿದ ನಕಲು ಕ್ಯಾಸೆಟ್ಟುಗಳಲ್ಲಿದೆ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ, ಎಲ್ಲ ಹಾಡೂ ಈಗ ಫೋನಿನಲ್ಲಿ ಸಿಗುತ್ತದಲ್ಲ ಎಂದು ಗುಜರಿಗೆ ಹಾಕಬೇಡಿ. ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಎರಡೂ ಬದಿ ಪೂರ್ತಿ ಕೇಳಿ. ಹಾಡಿನ ನಡುವೆ ಯಾರಾದರೂ ಮಾತಾಡುತ್ತಿದ್ದರೆ, ಮೊದಲು ಅದನ್ನು ನಕಲು ಮಾಡಿಡಿ.