ಹನ್ನೊಂದರ ಮೇಲೆ ಬೆಂಗಳೂರಲ್ಲಿ ಬಸ್ ಯಾಕಿಲ್ಲ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಎಪಿಸೋಡನ್ನ ನಮ್ಮಪ್ಪನ ಸೈಕಲ್ಲಿಂದ ಶುರು ಮಾಡ್ತೀನಿ.

ಅಪ್ಪ ಗಾಂಧಿನಗರದ ಒಂದು ಹೋಟೆಲಲ್ಲಿ ಸಪ್ಲೈಯರ್ ಆಗಿದ್ರು. ಹೋಟೆಲ್ ಬಾಗಿಲು ಹಾಕೋದು ಹನ್ನೊಂದಕ್ಕೆ. ಟೇಬಲ್ ಒರೆಸಿ, ಲೆಕ್ಕ ಒಪ್ಪಿಸಿ ಹೊರಗೆ ಬರೋ ಹೊತ್ತಿಗೆ ಹನ್ನೊಂದೂಮುಕ್ಕಾಲು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಅಲ್ಲಿಂದ ಐದೇ ನಿಮಿಷದ ನಡಿಗೆ. ಆ ಹೊತ್ತಲ್ಲಿ ಅಲ್ಲಿ ಧರ್ಮಸ್ಥಳಕ್ಕೆ ಬಸ್ ಇರ್ತಿತ್ತು, ಹುಬ್ಬಳ್ಳಿಗೆ ಇರ್ತಿತ್ತು. ಆರೇಳು ಕಿಲೋಮೀಟರ್ ದೂರದ ನಮ್ಮನೆಗೆ ಇರ್ತಿರಲಿಲ್ಲ. ಅದಕ್ಕೇ ಸೈಕಲ್. ಆಮೇಲೆ ಸೆಕೆಂಡ್ ಹ್ಯಾಂಡ್ ಟಿವಿಎಸ್. ಮಳೆಗಾಲದಲ್ಲಿ ಅಮ್ಮ ಬಾಗಿಲ ಹತ್ರ ಟವೆಲ್ ಹಿಡ್ಕೊಂಡು ಕೂತಿರ್ತಿದ್ದಿದ್ದು ನಂಗೆ ಚೆನ್ನಾಗಿ ನೆನಪಿದೆ.

ಇದು ಹೀಗೇ ಯಾಕಾಯ್ತು ಅನ್ನೋದೇ ಇವತ್ತಿನ ಪ್ರಶ್ನೆ.

ಬೆಂಗಳೂರಿನ ರಾತ್ರಿಗೆ ಬೆಳಕು ಬಂದಿದ್ದು ಬಹಳ ಬೇಗ. 1905ರ ಆಗಸ್ಟಲ್ಲಿ ಸಿಟಿ ಮಾರ್ಕೆಟ್ ಹತ್ರ ವಿದ್ಯುತ್ ಬೀದಿದೀಪ ಹತ್ತಿತು. ಕರೆಂಟ್ ಬಂದಿದ್ದು ಶಿವನಸಮುದ್ರದಿಂದ. ಆದರೆ ಆ ದೀಪದ ಕೆಳಗೆ ಓಡಾಡೋಕೆ ಒಂದು ವ್ಯವಸ್ಥಿತ ಬಸ್ ಸೇವೆ ಬರೋಕೆ ಇನ್ನೂ 35 ವರ್ಷ ಬೇಕಾಯ್ತು. ಅಲ್ಲೀವರೆಗೂ ಜಟಕಾ, ಸೈಕಲ್, ಇಲ್ಲಾಂದ್ರೆ ಕಾಲು. ಅದು ನಡೀತಿತ್ತು ಕೂಡ, ಯಾಕಂದ್ರೆ ಊರು ಚಿಕ್ಕದು. ಬಿನ್ನಿ ಮಿಲ್ ಕೆಲಸಗಾರರು ಮಿಲ್ ಸುತ್ತಮುತ್ತಲೇ ಮನೆ ಮಾಡ್ಕೊಂಡಿದ್ರು. ಶಿಫ್ಟ್ ಎಷ್ಟೊತ್ತಿಗೆ ಬಿಟ್ಟರೂ ನಡೆದು ಹೋಗಬಹುದಿತ್ತು.

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾಯ್ತು, ಬಿಟಿಸಿ ಅಂತ. ಖಾಸಗಿ ಕಂಪನಿ. ಅದೇ ವರ್ಷ ಡಿಸೆಂಬರಲ್ಲಿ ಇನ್ನೊಂದು ಹುಟ್ಟಿತು, ಎಚ್‌ಎಎಲ್. ಈ ಎರಡು ಒಂದೇ ವರ್ಷ ಅನ್ನೋದು ಕಾಕತಾಳೀಯ ಇರಬಹುದು, ಆದರೆ ನನ್ನ ಪ್ರಕಾರ ಬೆಂಗಳೂರಿನ ರಾತ್ರಿಯ ಕಥೆ ಇಲ್ಲೇ ಎರಡು ದಾರಿಯಾಗಿ ಒಡೆಯುತ್ತೆ.

ಒಂದು ದಾರಿ ಸಾರ್ವಜನಿಕ ಬಸ್ಸಿನದು. 1956ರಲ್ಲಿ ಸರ್ಕಾರ ಬಿಟಿಸಿಯನ್ನ ವಹಿಸಿಕೊಂಡಿತು, ಅದು ಬಿಟಿಎಸ್ ಆಯ್ತು. ನಮ್ಮಜ್ಜಿ ಕೊನೇವರೆಗೂ ಎಲ್ಲಾ ಸಿಟಿ ಬಸ್ಸನ್ನೂ ‘ಬಿಟಿಎಸ್’ ಅಂತಲೇ ಕರೀತಿದ್ರು. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯ್ತು.

ಇನ್ನೊಂದು ದಾರಿ ಫ್ಯಾಕ್ಟರಿ ಬಸ್ಸಿನದು. ಎಚ್‌ಎಎಲ್ ಆದಮೇಲೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವೆಲ್ಲ ಊರಾಚೆ ಕಟ್ಟಿದ ಕಾರ್ಖಾನೆಗಳು. ಜನರನ್ನ ಶಿಫ್ಟಿಗೆ ಕರ್ಕೊಂಡು ಬರೋಕೆ ತಮ್ಮದೇ ಬಸ್ಸು, ಇರೋಕೆ ತಮ್ಮದೇ ಕ್ವಾರ್ಟರ್ಸು. ಒಳ್ಳೇ ವಿಷಯಾನೇ. ಆದರೆ ಒಂದು ಅಭ್ಯಾಸ ಹುಟ್ಟಿಕೊಂಡಿತು: ರಾತ್ರಿ ಹೊತ್ತು ನಿನ್ನನ್ನ ಮನೆಗೆ ಸೇರಿಸೋದು ಊರಿನ ಕೆಲಸ ಅಲ್ಲ, ನಿನ್ನ ಕಂಪನಿ ಕೆಲಸ. ಸಂಘಟಿತರಾದ, ಯೂನಿಯನ್ ಇರೋ ಕಾರ್ಮಿಕರಿಗೆ ರಾತ್ರಿ ಬಸ್ ಸಿಕ್ಕಿಬಿಟ್ಟಿತ್ತು. ಹಾಗಾದ್ಮೇಲೆ ಅದಕ್ಕಾಗಿ ಗಲಾಟೆ ಮಾಡೋರು ಯಾರು? ಅಪ್ಪನಂಥ ಹೋಟೆಲ್ ಸಪ್ಲೈಯರ್‌ಗಳಾ?

ಹೆಂಗಸರ ವಿಷಯ ಇನ್ನೂ ಬೇರೆ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಹೆಂಗಸರು ಫ್ಯಾಕ್ಟರೀಲಿ ದುಡಿಯೋ ಹಾಗಿರಲಿಲ್ಲ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ರಾತ್ರಿ ಕೆಲಸ ಬೇಡ ಅಂದಿತ್ತು. ಕಾಗದದ ಮೇಲೆ ರಾತ್ರಿಯಲ್ಲಿ ಹೆಂಗಸರೇ ಇಲ್ಲ! ಆಸ್ಪತ್ರೆಯ ನರ್ಸು, ಆಯಾ, ನಸುಕಲ್ಲಿ ಹೂವು ತರೋಕೆ ಮಾರ್ಕೆಟ್ಟಿಗೆ ಹೋಗೋ ಅಜ್ಜಿ, ಇವರೆಲ್ಲ ಹೇಗೋ ಓಡಾಡ್ತಾನೇ ಇದ್ರು ಅನ್ನೋದು ಬೇರೆ ಮಾತು.

ಆಮೇಲೆ ಕಾಲ್ ಸೆಂಟರ್ ಬಂತು. ಅಮೆರಿಕದ ಹಗಲು ಅಂದ್ರೆ ನಮ್ಮ ರಾತ್ರಿ. 2002ರಲ್ಲಿ ಆ ಅಂಗಡಿ ಕಾಯ್ದೆಗೆ ತಿದ್ದುಪಡಿ ಮಾಡಿ ಐಟಿ, ಐಟಿ ಆಧಾರಿತ ಸಂಸ್ಥೆಗಳಿಗೆ ವಿನಾಯಿತಿ ಕೊಡೋಕೆ ದಾರಿ ಮಾಡಿದ್ರು. ಷರತ್ತು ಏನು ಗೊತ್ತಾ? ಹೆಂಗಸರಿಗೆ ವಾಹನ, ಭದ್ರತೆ ಕಂಪನಿಯೇ ಕೊಡಬೇಕು. ನೋಡಿ, ಮತ್ತೆ ಅದೇ ಫ್ಯಾಕ್ಟರಿ ಬಸ್ಸಿನ ಲೆಕ್ಕ. ಈ ಸಲ ಬಸ್ಸಿನ ಬದಲು ಸುಮೋ, ಕ್ವಾಲಿಸ್. 2005ರ ಡಿಸೆಂಬರಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಒಬ್ಬ ಕಾಲ್ ಸೆಂಟರ್ ಉದ್ಯೋಗಿಯನ್ನ ಕ್ಯಾಬ್ ಚಾಲಕನೇ ಕೊಂದ. ಇಡೀ ಊರು ನಡುಗಿಹೋಯ್ತು. ಆಮೇಲೆ ಕ್ಯಾಬ್ ನಿಯಮಗಳು ಬಿಗಿಯಾದವು, ಆಗಲೇಬೇಕಿತ್ತು. ಆದರೆ ಚರ್ಚೆ ಪೂರ್ತಿ ಕ್ಯಾಬಿನ ಸುತ್ತಲೇ ಸುತ್ತಿತು. ನಾಲ್ಕು ಜನ ಪ್ರಯಾಣಿಕರು, ಒಬ್ಬ ಕಂಡಕ್ಟರ್, ಒಳಗೆ ಲೈಟ್ ಹಾಕಿರೋ ಒಂದು ಬಸ್ ಬರ್ತಿದ್ರೆ ಅನ್ನೋ ಮಾತು ಬದಿಗೇ ಉಳೀತು.

ಈಗ ನಾನು ಬಿ.ಕಾಂ ಓದಿದವನು ಅಂತ ತೋರಿಸ್ಕೊಳ್ತೀನಿ, ಒಂದು ನಿಮಿಷ. ಸಾರಿಗೆ ನಿಗಮಗಳು ಲೆಕ್ಕ ಹಾಕೋದು ಒಂದು ಕಿಲೋಮೀಟರ್ ಓಡಿದ್ರೆ ಎಷ್ಟು ಬಂತು, ಎಷ್ಟು ಹೋಯ್ತು ಅಂತ. ರಾತ್ರಿ ಒಂದು ಗಂಟೆಗೆ ಹನ್ನೆರಡು ಜನ ಇರೋ ಬಸ್ಸು ಆ ಲೆಕ್ಕದಲ್ಲಿ ಫೇಲೇ. ಬಸ್ ಇಲ್ಲ ಅಂತ ಜನ ಸ್ಟಾಪಿಗೆ ಬರಲ್ಲ. ಜನ ಇಲ್ಲ ಅಂತ ಬಸ್ ಬರಲ್ಲ. ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಬಸ್ಸುಗಳು ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ ಇಂಥ ಕಡೆಯಿಂದ ಕಡ್ಡಿಗಳ ಥರ ಹೊರಗೆ ಹರಡಿಕೊಂಡಿವೆ. ಕೊನೇ ಟ್ರಿಪ್ಪು ಸಾಮಾನ್ಯವಾಗಿ ಊರಾಚೆ ಹೋಗಿ ನೈಟ್ ಹಾಲ್ಟ್ ಆಗುತ್ತೆ. ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ ಬೆಳಗಿನ ಮೊದಲ ಟ್ರಿಪ್ಪಲ್ಲಿ ವಾಪಸ್. ಹಾಗಾಗಿ ಹತ್ತೂವರೆಗೆ ಒಳಗಿಂದ ಹೊರಗೆ ಹೋಗೋನಿಗೆ ಹೇಗೋ ಬಸ್ ಸಿಗುತ್ತೆ. ಹೊರಗಿಂದ ಒಳಗೆ, ಅಥವಾ ಒಂದು ಬಡಾವಣೆಯಿಂದ ಅಡ್ಡಡ್ಡ ಇನ್ನೊಂದಕ್ಕೆ ಹೋಗೋನು ಕೆಟ್ಟ.

ಮೆಟ್ರೋ ಇದೆಯಲ್ಲ ಅಂತೀರಾ? 2011ರ ಅಕ್ಟೋಬರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ನಾನು ಸ್ಕೂಲ್ ಹುಡುಗ, ಸುಮ್ನೆ ಹೋಗಿ ಬಂದಿದ್ದೆ. ಆದರೆ ಮೆಟ್ರೋ ರಾತ್ರಿಯಿಡೀ ಓಡೋದು ಕಷ್ಟ. ಹಳಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಕರೆಂಟ್ ಹರೀತಿರುತ್ತೆ. ರಾತ್ರಿ ಅದನ್ನ ಆಫ್ ಮಾಡಿದ ಮೇಲೇ ರಿಪೇರಿಯವರು ಕೆಳಗಿಳಿಯೋದು. ಹೊಸ ವರ್ಷದ ರಾತ್ರಿ, ಕ್ರಿಕೆಟ್ ಮ್ಯಾಚ್ ದಿನ ಸಮಯ ವಿಸ್ತರಿಸ್ತಾರೆ, ಸರಿ. ದಿನಾ ಆಗಲ್ಲ. ಅಂದ್ರೆ ಉತ್ತರ ಏನಿದ್ರೂ ಬಸ್ಸೇ.

ಬಸ್ಸು ಓಡಿಸೋಕೆ ಆಗಲ್ವಾ? ಆಗುತ್ತೆ. 2008ರ ಮೇನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದಾಗ ವಾಯುವಜ್ರ ಬಸ್ಸುಗಳು ಬಂದವು. ಕೆಲವು ಮಾರ್ಗದಲ್ಲಿ ರಾತ್ರಿಯಿಡೀ ಓಡ್ತವೆ, ಎಸಿ ಬೇರೆ. ಬೆಳಗಿನ ಜಾವ ಮೂರು ಗಂಟೆಗೆ ಮೆಜೆಸ್ಟಿಕ್ಕಿಂದ ವಿಮಾನ ಹತ್ತೋಕೆ ಬಸ್ಸಿದೆ. ಊರೊಳಗಿನ ರಾತ್ರಿ ಬಸ್ಸು ಬೆರಳೆಣಿಕೆಯಷ್ಟು. 2016ರಲ್ಲಿ ಬಾರು, ಹೋಟೆಲುಗಳಿಗೆ ವಾರದ ಎಲ್ಲ ದಿನ ರಾತ್ರಿ ಒಂದು ಗಂಟೆವರೆಗೆ ಅನುಮತಿ ಸಿಕ್ತು. ಪಾರ್ಟಿ ಮಾಡೋರ ಬಗ್ಗೆ ಎಷ್ಟು ಮಾತಾಯ್ತು! ಅವರಿಗೆ ಪ್ಲೇಟು ಇಟ್ಟ ಹುಡುಗ ಮನೆಗೆ ಹೇಗೆ ಹೋಗ್ತಾನೆ ಅಂತ ಎಷ್ಟು ಜನ ಕೇಳಿದ್ರು?

ಅವನ ಲೆಕ್ಕ ನಾನು ಹಾಕ್ತೀನಿ. 2025ರ ಆಗಸ್ಟಿಂದ ಆಟೋ ಮೀಟರ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ 180. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಅಂದ್ರೆ 270. ಅದೂ ಮೀಟರ್ ಹಾಕಿದ್ರೆ. ತಿಂಗಳಿಗೆ 26 ದಿನ ಕೆಲಸ ಅಂದ್ರೆ 7,020 ರೂಪಾಯಿ, ಬರೀ ಮನೆಗೆ ಬರೋಕೆ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಬಸ್ ಉಚಿತ. ನಿಜಕ್ಕೂ ದೊಡ್ಡ ವಿಷಯ. ಆದರೆ ಹನ್ನೊಂದೂವರೆಗೆ ಡ್ಯೂಟಿ ಮುಗಿಸೋ ಆಯಾಗೆ ಬಸ್ಸೇ ಬರದಿದ್ರೆ ಸೊನ್ನೆ ಟಿಕೆಟ್ ಹರಿಯೋದೆಲ್ಲಿ?

ಅಪ್ಪ ಈಗ ಕೆಲಸ ಬಿಟ್ಟಿದ್ದಾರೆ. ಈ ಸ್ಕ್ರಿಪ್ಟ್ ಬರೆಯೋವಾಗ ಕೇಳಿದೆ, ‘ಅಪ್ಪಾ, ರಾತ್ರಿ ಬಸ್ ಬಿಡಿ ಅಂತ ನೀವ್ಯಾರೂ ಅರ್ಜಿ ಕೊಟ್ಟಿರಲಿಲ್ವಾ?’ ಅಪ್ಪ ನಕ್ಕರು. ‘ಅರ್ಜಿ ತಗೊಳ್ಳೋ ಆಫೀಸು ತೆಗೆಯೋ ಹೊತ್ತಿಗೆ ನಾವು ಆಗಲೇ ಇಡ್ಲಿ ಹಾಕ್ತಿದ್ವಿ ಕಣೋ’ ಅಂದ್ರು.

ನಿಮ್ಮ ಏರಿಯಾಗೆ ಕೊನೇ ಬಸ್ ಎಷ್ಟೊತ್ತಿಗೆ? ಸ್ಟಾಪ್ ಹೆಸರು, ರೂಟ್ ನಂಬರ್, ಟೈಮು ಹೇಳಿ ಒಂದು ವಾಯ್ಸ್ ನೋಟ್ ಕಳಿಸಿ. ಎಲ್ಲಾ ಸೇರಿಸಿ ಮುಂದಿನ ಎಪಿಸೋಡಲ್ಲಿ ಓದ್ತೀನಿ.